ಮಧ್ಯದ ಗಾಂಧಾರ

ಅವ್ವನ ಟ್ರಂಕಿನ ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ, ಸೀರೆಗಳ ಅಡಿಯಿಂದ, ಹಳೇ ಚರ್ಮ, ಮರ, ಬೆವರು ಎಲ್ಲ ಬೆರೆತ ಇನ್ನೊಂದು ವಾಸನೆ. ಅಪ್ಪನ ಹಾರ್ಮೋನಿಯಮ್ಮಿನದು. ಪೆಟ್ಟಿಗೆ ಎಂದೋ ಹೋಗಿತ್ತು, ಅದಕ್ಕೆ ಹೊದಿಸುತ್ತಿದ್ದ ಕೆಂಪು ಬಟ್ಟೆ ಮಾತ್ರ ಉಳಿದಿತ್ತು. ಬಿಚ್ಚಿ ನೋಡಿದರೆ ಒಳಗೆ ಎರಡು ಕ್ಯಾಸೆಟ್ಟು. ಒಂದರ ಮೇಲಿನ ಹೆಸರು ಓದುತ್ತಲೇ ಅದನ್ನು ಮತ್ತೆ ಬಟ್ಟೆಯೊಳಕ್ಕೇ ಸುತ್ತಿಟ್ಟೆ. ಅದನ್ನು ಕೇಳಿ ಮೂವತ್ತು ವರ್ಷದ ಮೇಲಾಗಿತ್ತು. ಮತ್ತೆ ಕೇಳುವ ಪ್ರಸಂಗ ಬಾರದಿರಲಿ ಎಂದುಕೊಂಡೇ ನಾನು ದೊಡ್ಡವಳಾಗಿದ್ದೆ.

ಯಲಿಯೂರಿನಲ್ಲಿ ನಮ್ಮ ಮನೆ ರೈಲು ಹಳಿಗೆ ಕೂಗಳತೆಯಲ್ಲಿತ್ತು. ನಾಡಹೆಂಚಿನ ಮನೆ, ಮುಂದೆ ಉದ್ದಕ್ಕೆ ಜಗಲಿ. ಅಪ್ಪ ಡ್ರಾಮಾ ಮೇಷ್ಟ್ರು. ಸುತ್ತಲ ಊರುಗಳಲ್ಲಿ ಪೌರಾಣಿಕ ನಾಟಕ ಆಡಬೇಕೆಂದವರು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗದ್ದೆಗೆ ನೀರು ಕಟ್ಟಿ ಕೆಸರುಗಾಲಲ್ಲೇ ಬಂದು ಕೂತವರಿಗೆ ಹಾಡು, ಮಾತು ಕಲಿಸಿ ಆರು ತಿಂಗಳಲ್ಲಿ ರಾಜರನ್ನಾಗಿ ಮಾಡಿಬಿಡುತ್ತಿದ್ದ. ಮಗಳಾದ ನನಗೆ ಅಪ್ಪ ಕಲಿಸಿದ್ದು ಹಾಡನ್ನಲ್ಲ, ಕೇಳುವುದನ್ನು. ಅವ್ವ ಹಿತ್ತಲಲ್ಲಿ ಕೊಳಗ ಕೆಳಗಿಟ್ಟರೆ, ರೈಲು ದೂರದಲ್ಲಿ ಕೂಗಿದರೆ, ಅಪ್ಪ ನನ್ನ ಕಡೆ ತಿರುಗಿ, "ಯೋಳು ಮಗಾ, ಯಾವ ಮನೆ?" ಅನ್ನುತ್ತಿದ್ದ. ಮನೆ ಎಂದರೆ ಹಾರ್ಮೋನಿಯಮ್ಮಿನ ಮನೆ, ಬೆರಳಿಟ್ಟು ಒತ್ತುವ ಪಟ್ಟಿ. ಬಿಳಿ ಮೂರೋ, ಕಪ್ಪು ಎರಡೋ ನಾನು ಹೇಳಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ, ಮಾತಾಡದೆ ಮುದ್ದೆ ಮುರಿಯುತ್ತಿದ್ದ. ಆ ಮೌನಕ್ಕೆ ನಾನು ಏಟಿಗಿಂತ ಹೆಚ್ಚು ಹೆದರುತ್ತಿದ್ದೆ.

ಮನೆಯಲ್ಲಿ ಇನ್ನೊಬ್ಬನಿದ್ದ, ಕೊತ್ತತ್ತಿಯ ನಂಜುಂಡಣ್ಣ. ಅಪ್ಪನ ಶಿಷ್ಯ. ಆರು ವರ್ಷ ನಮ್ಮ ಜಗಲಿಯಲ್ಲೇ ಮಲಗಿ, ನಮ್ಮ ಅಡುಗೆಯನ್ನೇ ಉಂಡು ಕಲಿತವನು. ಸೈಕಲ್ಲಿನ ಬಾರಿನ ಮೇಲೆ ಟವೆಲ್ಲು ಸುತ್ತಿ ನನ್ನನ್ನು ಕೂರಿಸಿಕೊಂಡು ಇಸ್ಕೂಲಿಗೆ ಬಿಡುತ್ತಿದ್ದ. ನನ್ನ ಬೆರಳನ್ನು ಮನೆಗಳ ಮೇಲೆ ಇಟ್ಟು ಮೊದಲು ಒತ್ತಿಸಿದವನು ಅವನೇ. ಅಪ್ಪನ ಪೆಟ್ಟಿಗೆಗೆ ಒಂದು ಊನವಿತ್ತು. ಮಧ್ಯದ ಗಾಂಧಾರದ ರೀಡು, ಎಂದರೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆ, ಶ್ರುತಿಯಲ್ಲಿ ಕೂದಲೆಳೆಯಷ್ಟು ಇಳಿದಿತ್ತು, ಒತ್ತಿದರೆ ಸಣ್ಣಗೆ ನಡುಗುತ್ತಿತ್ತು. ನಂಜುಂಡಣ್ಣ ಸರಿಮಾಡುತ್ತೇನೆ ಎಂದರೆ ಅಪ್ಪ ಬಿಡಲಿಲ್ಲ. "ಅದ್ನ ಮುಟ್ಬ್ಯಾಡ ಕಣ್ಲಾ. ಅದು ನನ್ ಪೆಟ್ಗೆ ಮಚ್ಚೆ" ಅಂದ.

ನನಗೆ ಹತ್ತು ತುಂಬಿದ ವರ್ಷ ಮದ್ದೂರಿನ ಒಬ್ಬ ಅಂಗಡಿಯವನು ನಾಟಕದ ಹಾಡುಗಳ ಕ್ಯಾಸೆಟ್ಟು ಹೊರತಂದ. ಮಟ್ಟುಗಳೆಲ್ಲ ಅಪ್ಪನವು. ಹಾರ್ಮೋನಿಯಂ ಎಂದು ಬರೆದಿದ್ದ ಕಡೆ ಇದ್ದದ್ದು ಮಾತ್ರ ನಂಜುಂಡಣ್ಣನ ಹೆಸರು. ಅಪ್ಪ ಅದನ್ನು ಎರಡು ಸಲ ಕೇಳಿ ಎದ್ದು ನಿಂತ. ಮಳವಳ್ಳಿಯಲ್ಲಿ ಪ್ರಾಕ್ಟೀಸು ನಡೆಯುವಾಗ ತಾನು ನುಡಿಸಿದ್ದನ್ನು ನಂಜುಂಡಣ್ಣ ಕದ್ದು ಟೇಪಿಗೆ ತುಂಬಿಸಿಕೊಂಡು, ಅವನ ಹೆಸರು ಹಾಕಿಸಿಕೊಂಡಿದ್ದಾನೆ ಎಂದ. ನಂಜುಂಡಣ್ಣ ಕಂಬ ಹಿಡಿದು ನಿಂತು ಮೆಲ್ಲಗೆ ಹೇಳಿದ: "ಮಟ್ಟು ನಿಮ್ದೇಯಾ ಮೇಷ್ಟ್ರೆ. ಕೈ ನಂದು. ಮದ್ದೂರಲ್ಲಿ ಅಂಗಡಿ ಹಿಂದ್ಲ ರೂಮಲ್ಲಿ ಕುಂತು ಅವ್ರ ಪೆಟ್ಗೇಲಿ ನುಡಿಸ್ದೆ. ನಿಮ್ಗೆ ಯೋಳ್ದೆ ಓಗಿದ್ದು ತಪ್ಪು, ಒಪ್ಕತೀನಿ." ಅಪ್ಪ ಒಪ್ಪಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಆರೇಳು ಊರಿನ ನಾಟಕದ ಯಜಮಾನರು ಕೂತರು. ನಡುವೆ ಟೇಪ್‌ರೆಕಾರ್ಡರು, ಪಕ್ಕದಲ್ಲಿ ಅಪ್ಪನ ಪೆಟ್ಟಿಗೆ. ಅವ್ವ ಕೊಟ್ಟ ಕಾಫಿಯನ್ನು ಯಾರೂ ಮುಟ್ಟಲಿಲ್ಲ. ಅಪ್ಪ ತನ್ನ ಗಾಂಧಾರವನ್ನು ಒತ್ತಿ ಕೇಳಿಸಿ, "ಈ ನಡುಕ ಕ್ಯಾಸೆಟ್ಟಲ್ಲೂ ಅದೆ. ಇದು ನನ್ ಪೆಟ್ಗೆ" ಅಂದ. ಕ್ಯಾಸೆಟ್ಟು ಹಾಕಿದರು. ಹಾಡು, ತಬಲ, ಹಾರ್ಮೋನಿಯಂ ಎಲ್ಲ ಕಲಸಿಕೊಂಡು ಬಂತು. ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅವರಲ್ಲಿ ಹಿರಿಯರೊಬ್ಬರು, "ಮೇಷ್ಟ್ರೆ, ನಮ್ಗೆ ಇದೆಲ್ಲ ತಿಳಿಯಕಿಲ್ಲ. ನಿಮ್ ಕೂಸು ರೈಲು ಕೂಗಿದ್ರೂ ಸ್ವರ ಯೋಳ್ತದಂತಲ್ಲ, ಅದ್ನೇ ಕೇಳವ" ಅಂದರು.

ಅಪ್ಪ ನನ್ನನ್ನು ಹತ್ತಿರ ಕರೆದು ಭುಜದ ಮೇಲೆ ಕೈ ಇಟ್ಟ. ಕೈ ಬಿಸಿಯಾಗಿತ್ತು. ಕ್ಯಾಸೆಟ್ಟು ಮತ್ತೆ ಓಡಿತು. ಗಾಂಧಾರ ಒಂದು ಸಲ ಬಂತು, ಇನ್ನೊಂದು ಸಲ ಬಂತು. ತೊಳೆದಿಟ್ಟ ಲೋಟದ ಹಾಗೆ ಚೊಕ್ಕಟವಾಗಿತ್ತು. ನಡುಕವಿರಲಿಲ್ಲ. ನಾನು ಕಂಬದ ಕಡೆ ನೋಡಿದೆ, ನಂಜುಂಡಣ್ಣ ನನ್ನನ್ನೇ ನೋಡುತ್ತಿದ್ದ. ಹೆದರಿದವನ ಹಾಗಿರಲಿಲ್ಲ. ನನ್ನ ಕಿವಿ ಅವನಿಗೆ ಗೊತ್ತಿತ್ತು, ಅದನ್ನು ನಂಬಿ ನಿಂತಿದ್ದ. "ಯೋಳವ್ವ, ನಮ್ ಪೆಟ್ಗೆ ತಾನೆ?" ಅಂದ ಅಪ್ಪ. ನಾನು ಹೌದೆಂದು ತಲೆ ಆಡಿಸಿದೆ.

ನಂಜುಂಡಣ್ಣ ಜಗಲಿಯ ಮೂಲೆಯಲ್ಲಿದ್ದ ತನ್ನ ಚಾಪೆ ಸುತ್ತಿ, ಅವ್ವನಿಗೆ "ಬತ್ತೀನಿ ಕಣಮ್ಮ" ಎಂದು ಹೇಳಿ ಸೈಕಲ್ಲು ತಳ್ಳಿಕೊಂಡು ಹೋದ. ಆಮೇಲೆ ಯಾವ ಊರಿನವರೂ ಅವನನ್ನು ನಾಟಕಕ್ಕೆ ಕರೆಯಲಿಲ್ಲ. ಸರ್ಕಾರದ ಬೇಸಾಯದ ತೋಟ ವಿ.ಸಿ. ಫಾರಂನಲ್ಲಿ ಕೂಲಿಗೆ ಹೋಗುತ್ತಾನೆ ಎಂದು ಕೇಳಿದೆ. ನಾನು ಹಾರ್ಮೋನಿಯಂ ಮುಟ್ಟುವುದನ್ನೇ ಬಿಟ್ಟೆ. ಓದು ಹೆಚ್ಚಾಗಿರಬೇಕು ಅಂದುಕೊಂಡರು ಮನೆಯವರು. ಕೆಲವು ವರ್ಷಕ್ಕೆ ಅಪ್ಪ ಹೋದ, ಮನೆ ಮಾರಿದೆವು, ಕೊಂಡವರು ಕೆಡವಿ ಮೇಲೊಂದು ಮಹಡಿ ಎತ್ತಿ ತಾರಸಿ ಮನೆ ಕಟ್ಟಿಕೊಂಡರು. ನಾನು ಮಳವಳ್ಳಿಯ ಇಸ್ಕೂಲಿನಲ್ಲಿ ಲೆಕ್ಕದ ಮೇಡಮ್ಮಾದೆ. ಹೋದ ಬೇಸಿಗೆಯಲ್ಲಿ ಅವ್ವನೂ ತೀರಿಕೊಂಡಳು. ಅವಳ ಟ್ರಂಕು ನನ್ನ ಮನೆಗೆ ಬಂತು.

ಮಗಳು ಸಿಂಚನ ಕಾಲೇಜಿನಲ್ಲಿ ಹಾಡುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಕಲಸಿಹೋದ ಹಾಡಿನಿಂದ ಗಂಟಲು, ತಬಲ, ಹಾರ್ಮೋನಿಯಮ್ಮನ್ನು ಬೇರೆ ಬೇರೆ ಮಾಡಿ ಕೊಡುತ್ತದೆ. ಪ್ರತಿ ಸ್ವರವನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. "ಅಜ್ಜಂದು ಕೇಳೋಣ" ಎಂದು ಎರಡೂ ಕ್ಯಾಸೆಟ್ಟನ್ನು ತುಂಬಿಸಿಕೊಂಡಳು. ಒಂದು ಮದ್ದೂರಿನ ಆ ಕ್ಯಾಸೆಟ್ಟು, ಇನ್ನೊಂದು ಅಪ್ಪ ಮನೆಯಲ್ಲಿ ಪ್ರಾಕ್ಟೀಸು ಮಾಡುವಾಗಿನದು. ಯಂತ್ರ ಕೆಲಸ ಮಾಡುವಷ್ಟು ಹೊತ್ತು ನಾನು ಅಡುಗೆಮನೆಗೂ ಅವಳ ಕುರ್ಚಿಗೂ ನಡುವೆ ಓಡಾಡಿದೆ. ಎರಡೂ ಒಂದೇ ಪೆಟ್ಟಿಗೆ ಅಂತ ಅದು ತಪ್ಪು ಹೇಳಲಿ ಎಂದು ಬೇಡಿಕೊಂಡೆ. ಹಳೇ ಟೇಪು, ಸ್ವರ ಏರಿಳಿದಿರಬಹುದಲ್ಲವಾ ಅಂದೆ. "ಟೇಪು ನಿಧಾನ ಓಡಿದ್ರೆ ಎಲ್ಲಾ ಸ್ವರನೂ ಒಟ್ಟಿಗೆ ಇಳಿಯುತ್ತಮ್ಮ. ಒಂದು ಸ್ವರ ಮಾತ್ರ ಇಳಿಯಲ್ಲ" ಅಂದಳು. ಅಪ್ಪನ ಕ್ಯಾಸೆಟ್ಟಿನಲ್ಲಿ ಗಾಂಧಾರದ ಗೆರೆ ಕೆಳಗಿತ್ತು, ಅಂಚು ಕೊಂಕಿತ್ತು. ಮದ್ದೂರಿನದರಲ್ಲಿ ನೇರವಾಗಿತ್ತು. "ಇವೆರಡೂ ಒಂದೇ ಹಾರ್ಮೋನಿಯಂ ಅಲ್ಲ. ನಿಂಗೆ ಬರೀ ಕಿವಿಯಲ್ಲಿ ಕೇಳಿದ್ರೆ ಗೊತ್ತಾಗುತ್ತಾ?" ಎಂದು ಕೇಳಿದಳು.

"ಹತ್ತು ವರ್ಷದವಳಿದ್ದಾಗಲೇ ಗೊತ್ತಾಗಿತ್ತು" ಅಂದೆ. ಆಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ.

ಸಿಂಚನಳನ್ನು ಕರೆದುಕೊಂಡು ಕೊತ್ತತ್ತಿಗೆ ಹೋದೆ. ನಂಜುಂಡಣ್ಣನ ಮನೆ ನಾಲೆ ಏರಿಯ ಕೆಳಗಿತ್ತು. ಅವನ ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹೇಳಿದಾಗ ನನ್ನ ಮುಖ ನೋಡಿ, "ಕೂತ್ಕ ಮಗಾ" ಅಂದ. ನಾನು ಕೂರದೆ ಹೇಳಿದೆ. "ಅಣ್ಣ, ಅವತ್ತು ನಂಗೆ ಸರಿಯಾಗೇ ಕೇಳಿಸಿತ್ತು. ನಾನು ಸುಳ್ಳು ಹೇಳ್ದೆ."

"ಗೊತ್ತು ಕಣವ್ವ" ಅಂದ. ದನಿಯಲ್ಲಿ ಮೆದುವೇನೂ ಇರಲಿಲ್ಲ. "ತಲೆ ಆಡ್ಸಕ್ ಮುಂಚೆ ನನ್ ಕಡೆ ನೋಡ್ದೆ ನೋಡು, ಅಲ್ಲೇ ತಿಳೀತು. ಬಾಳ ದಿನ ಉರ್ಕಂಡಿದ್ದೀನಿ ನಿನ್ ಮ್ಯಾಲೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವನೇ ಮುಂದುವರಿಸಿದ. "ಮೇಷ್ಟ್ರು ಸುಳ್ಳಾಡ್ಲಿಲ್ಲ. ಅವ್ರ ಕಿವಿ ಓಗಿತ್ತು. ಎರಡು ವರ್ಸದಿಂದ ಆ ಗಾಂಧಾರ ಒಂದ್ ಬಿಟ್ಟು ಪೆಟ್ಗೆಗೆಲ್ಲಾ ಸುರುತಿ ಕೂರಿಸ್ತಿದ್ದೋನು ನಾನು. ಸಣ್ಣ ವ್ಯತ್ಯಾಸ ಅವ್ರಿಗೆ ಕೇಳಿಸ್ತಿರ್ಲಿಲ್ಲ. ಅದಕ್ಕೇ ನಿನ್ನ ಕೇಳ್ತಿದ್ದಿದ್ದು, ಕೊಳಗ, ರೈಲು ಎಲ್ಲಾವಾ."

"ಅವತ್ತು ಯಾಕೆ ಹೇಳಲಿಲ್ಲ?"

"ಅಷ್ಟು ಊರೋರ ಮುಂದೆ ಮೇಷ್ಟ್ರು ಕಿವುಡ್ರು ಅಂದಿದ್ರೆ ಯಾರು ಕರೀತಿದ್ರು ಅವ್ರನ್ನ? ಆರು ವರ್ಸ ಆ ಮನೇಲಿ ಉಂಡೋನು. ನಂಗೆ ಬಾಯಿ ಬರ್ಲಿಲ್ಲ."

ಮುದ್ದೆ ಮುರಿಯುತ್ತ ಮಾತಾಡದೆ ಕೂತಿದ್ದ ಅಪ್ಪ ನನ್ನ ಕಣ್ಣ ಮುಂದೆ ಬಂದ. ಅದು ಸಿಟ್ಟಿನ ಮೌನವೆಂದು ಇಷ್ಟು ವರ್ಷ ತಿಳಿದಿದ್ದೆ. ನನ್ನ ಉತ್ತರ ಸರಿಯೋ ತಪ್ಪೋ ಅವನಿಗೇ ಗೊತ್ತಾಗದೆ ಕೂತಿರುತ್ತಿದ್ದನೋ ಏನೋ. ಈಗ ಕೇಳೋಣವೆಂದರೆ ಅಪ್ಪನಿಲ್ಲ, ಅವ್ವನಿಲ್ಲ. ಊರುಗಳಿಗೆ ಹೋಗಿ ನಿಜ ಹೇಳಿ ಬರುತ್ತೇನೆ ಅಂದೆ. ನಂಜುಂಡಣ್ಣ ತಲೆ ಅಲ್ಲಾಡಿಸಿದ. "ಯಾರ್ಗೆ ಯೋಳ್ತೀಯೆ? ಆ ಜಗಲಿ ಮ್ಯಾಲೆ ಕುಂತಿದ್ದೋರಲ್ಲಿ ಯಾರವ್ರೆ ಈಗ? ಬುಡು."

ಸಿಂಚನ ಅಷ್ಟರಲ್ಲಿ ಫೋನು ತೆಗೆದಿದ್ದಳು. ಮದ್ದೂರಿನ ಕ್ಯಾಸೆಟ್ಟಿನಿಂದ ಹಾರ್ಮೋನಿಯಂ ಮಾತ್ರ ಉಳಿಸಿದ್ದನ್ನು ಹಾಕಲಾ ಎಂದು ಕೇಳಿದಳು. ಅವನು ಬೇಡವೆನ್ನಲಿಲ್ಲ. ಹಾಡಿಲ್ಲದೆ, ತಬಲವಿಲ್ಲದೆ, ಇಪ್ಪತ್ತೈದರ ಹರೆಯದ ಆ ಕೈ ಒಂದೇ ನುಡಿಯತೊಡಗಿತು. ನಂಜುಂಡಣ್ಣ ಕಣ್ಣು ಮುಚ್ಚದೆ, ನಾಲೆಯ ಕಡೆ ನೋಡುತ್ತ ಕೇಳಿದ. ಸ್ವಲ್ಪ ಹೊತ್ತಿಗೆ ಅವನ ಸೊಸೆ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಆ ಮನೆಗೆ ಬಂದ ಮೇಲೆ ಮಾವ ಒಂದು ದಿನವೂ ಹಾಡಿನ ಸುದ್ದಿ ಎತ್ತಿದ್ದನ್ನು ಅವಳು ಕೇಳಿರಲಿಲ್ಲವಂತೆ.

"ಚೆಂದಾಗದೆ. ಯಾರು ಮಾವ ನುಡಿಸ್ತಿರೋದು?" ಎಂದಳು.

ನಂಜುಂಡಣ್ಣ ನನ್ನ ಕಡೆ ಒಮ್ಮೆ ನೋಡಿದ. ನಾನು, "ನಿಮ್ಮ ಮಾವನೇ ಕಣಮ್ಮ" ಅಂದೆ.