ಪೊಟ್ಯಾಷಿನ ದಿಬ್ಬ

ನನ್ನ ಗೆಳತಿ ಒಬ್ಬಳೇ ಕೂತು ಯಂತ್ರಕ್ಕೆ ಬುದ್ಧಿ ಕಲಿಸಿದಳು ಎಂದು ಕೋಲಾರದ ನಮ್ಮ ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ಒಬ್ಬಳೇ? ನನ್ನ ಆಕ್ಷೇಪಣೆ ಇರುವುದೇ ಆ ಪದದ ಮೇಲೆ.

ಭೌತಶಾಸ್ತ್ರದ ಎಂಎಸ್ಸಿಯಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಪ್ರಾಜೆಕ್ಟ್, ಒಂದು ಸಿಂಟಿಲೇಷನ್ ಡಿಟೆಕ್ಟರ್. ವಿಕಿರಣ ತಾಗಿದರೆ ಅದರೊಳಗಿನ ಹರಳು ಮಿನುಗುತ್ತದೆ. ಮಿನುಗು ಎಷ್ಟು ಜೋರೋ ಅದರ ಮೇಲೆ ವಿಕಿರಣದ ಶಕ್ತಿ ತಿಳಿಯುತ್ತದೆ. ಆದರೆ ಬಿಸಿಲೇರಿದಂತೆ ಅಳತೆ ಜಾರುತ್ತಿತ್ತು. ಬೆಳಿಗ್ಗೆ ನಾನು ಕೈಯಾರೆ ಸರಿಪಡಿಸಿದ್ದು ಮಧ್ಯಾಹ್ನಕ್ಕೆ ಸುಳ್ಳಾಗುತ್ತಿತ್ತು. ಲಕ್ಕೂರಿನ ಈ ಗೆಳತಿ, ಅಳತೆ ತನ್ನನ್ನು ತಾನೇ ತಿದ್ದಿಕೊಳ್ಳುವಂಥ ಪ್ರೋಗ್ರಾಂ ಬರೆಯಲು ಹೊರಟಳು. ಅದಕ್ಕೆ ಗುರುತಾಗಿ, ವಿಕಿರಣದ ಗ್ರಾಫಿನಲ್ಲಿ ಸದಾ ಕಾಣುವ, ಶಕ್ತಿ ಮೊದಲೇ ಗೊತ್ತಿರುವ ಒಂದು ದಿಬ್ಬ ಬೇಕಿತ್ತು.

"ಪೊಟ್ಯಾಸಿಯಂ ಆದ್ರೆ ಸಾಕು ಕಣೇ, ಅದ್ರಿಂದ ಒಂಚೂರು ವಿಕಿರಣ ಸದಾ ಬರ್ತಾನೇ ಇರುತ್ತೆ," ಅಂದಳು.

"ನಮ್ಮ ಟೊಮೇಟೊಗೆ ಹಾಕೋ ಪೊಟ್ಯಾಷ್ ಗೊಬ್ಬರದಲ್ಲಿ ಇರೋದೇ ಅದಲ್ವಾ? ತರ್ತೀನಿ ಬಿಡು," ಅಂದೆ.

ಸುಗಟೂರಿನಿಂದ ಬಸ್ಸಿನಲ್ಲಿ ಚೀಲ ಹೊತ್ತು ತಂದವಳು ನಾನು. "ಏನಮ್ಮಾ, ಕಾಲೇಜಲ್ಲಿ ತೋಟ ಮಾಡ್ತಿದ್ದೀರಾ?" ಎಂದು ಕಂಡಕ್ಟರ್ ನಗಾಡಿದ್ದೂ ನನ್ನನ್ನೇ.

ಚೀಲವನ್ನು ಡಿಟೆಕ್ಟರಿನ ಪಕ್ಕದಲ್ಲಿಟ್ಟ ಮೇಲೆ ಗ್ರಾಫಿನಲ್ಲಿ ದಿಬ್ಬ ಎದ್ದಿತು. ಮಧ್ಯಾಹ್ನ ಅದು ಜಾರಿದಾಗ ಅವಳ ಪ್ರೋಗ್ರಾಂ ಹುಡುಕಿ ಹಿಡಿದು, ಅಳತೆಯನ್ನು ಜಾಗಕ್ಕೆ ಎಳೆದು ತಂದಿತು. ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಸರ್ ಭೇಷ್ ಎಂದರು, ಅವಳಿಗೆ. ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಮಾತಾಡಲು ಒಬ್ಬರಿಗಷ್ಟೇ ಅವಕಾಶವಿತ್ತು. ಚರ್ಚಾಸ್ಪರ್ಧೆಗಳಲ್ಲೇ ಬೆಳೆದ ನನ್ನನ್ನು ಬಿಟ್ಟು, ನಾಲ್ಕು ಜನರೆದುರು ತೊದಲುವ ಅವಳನ್ನು ಆರಿಸಿದರು. ಹೊಟ್ಟೆಕಿಚ್ಚು ಎನ್ನಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಟ್ಟೆಕಿಚ್ಚು ಪಟ್ಟವರ ವಾದ ತಪ್ಪಿರಲೇಬೇಕು ಎಂಬ ನಿಯಮವೇನೂ ಇಲ್ಲ.

"ಚೀಲ ಇಲ್ದಿದ್ರೆ ಇವಳ ಪ್ರೋಗ್ರಾಂ ಕುರುಡು ಸರ್. ಅರ್ಧ ಕೆಲಸ ನಂದು," ಎಂದು ಎದುರಿಗೇ ಹೇಳಿದೆ.

"ಹಂಗಾದ್ರೆ ತೆಗೆದು ನೋಡೇ ಬಿಡಮ್ಮ," ಅಂದರು ಸರ್.

ನಾನೇ ಚೀಲ ಎತ್ತಿ ಕಾರಿಡಾರಿನ ಆ ತುದಿಗೆ ಇಟ್ಟು ಬಂದೆ. ಪ್ರೋಗ್ರಾಂ ತಡಕಾಡತೊಡಗಿತು. ನನಗೆ ಒಳಗೊಳಗೇ ಖುಷಿ. ಕಾಯುತ್ತ ಕಾಯುತ್ತ, ಗ್ರಾಫಿನ ಅದೇ ಜಾಗದಲ್ಲಿ ಪುಟ್ಟ ದಿಬ್ಬವೊಂದು ಮೂಡಿತು. ಪ್ರೋಗ್ರಾಂ ಅದನ್ನೂ ಹಿಡಿಯಿತು. ಡಿಟೆಕ್ಟರ್ ಇಟ್ಟಿದ್ದ ಮೇಜಿನ ಹಾಸು ನಮ್ಮ ಸೀಮೆಯದೇ ಗ್ರಾನೈಟ್. ಪೊಟ್ಯಾಸಿಯಂ ಆ ಕಲ್ಲಿನೊಳಗೇ ಇತ್ತು.

"ಕಲ್ಲಿದ್ರೂ ಆಗುತ್ತೆ ಸರ್, ತಡ ಆಗುತ್ತೆ ಅಷ್ಟೇ," ಅಂದಳು ಗೆಳತಿ, ಒಂಚೂರೂ ಬೆರಗಾಗದೆ.

ಆ ಬೆರಗಿಲ್ಲದ ಮುಖ ನನ್ನನ್ನು ಇಂದಿಗೂ ಕುಕ್ಕುತ್ತದೆ. ಅಂದು ಸಂಜೆ ಅವಳು ಮಾಲೂರು ಬಸ್ ಹತ್ತುವಾಗ ಅಡ್ಡ ನಿಂತು ಕೇಳಿದೆ:

"ಲೇ, ಕಲ್ಲಲ್ಲೇ ಇದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು ತಾನೆ? ಮತ್ತೆ ನಾನು ತರ್ತೀನಿ ಅಂದಾಗ ಬೇಡ ಅಂತ ಯಾಕೆ ಹೇಳ್ಲಿಲ್ಲ?"