ಡಾಕ್ಟರು ಬರೆದುಕೊಟ್ಟ ಪೂಜೆ

ಗೆಳೆಯರೇ, ಇವತ್ತು ಬೆಳಗಾವಿಯ ಡಾಕ್ಟರ ಮುಂದೆ ಅವ್ವ ನನ್ನ ಮಾನ ಕಳೆದಳು.

ಸೈಕಲ್ಲಿನಿಂದ ಬಿದ್ದು ಮುರಿದಿದ್ದ ಎಡಗೈಯ ಎಲುಬು ಕೂಡಿ ಆರು ತಿಂಗಳಾಯಿತು. ಆದರೂ ಅಂಗಿಯ ತೋಳು ತಾಗಿದರೆ ಸಾಕು, ಕೆಂಡ ಹಿಡಿದಂತೆ ಉರಿಯುತ್ತದೆ. ನರಗಳು ಹೆದರಿ ಕೂತಿವೆ, ದಿನಾ ಏನಾದರೂ ಮುಟ್ಟಿಸಿ ರೂಢಿ ಮಾಡಿಸಬೇಕು ಎಂಬುದು ಡಾಕ್ಟರ ಮಾತು.

"ಎಡಗೈಯಾಗ ಏನರ ಹಿಡೀತೀರೇನ್ರಿ?" ಎಂದು ಕೇಳಿದರು.

"ದಿನಾ ಹಿಡೀತೀನ್ರಿ," ಎಂದೆ.

"ಸುಳ್ಳರೀ! ಪೂಜಿ ಮಾಡೂಮುಂದ ಲಿಂಗಾನೂ ಬಲಗೈಯಾಗ ಇಟ್ಕೋತಾನ," ಎಂದಳು ಅವ್ವ.

ಡಾಕ್ಟರೂ ಲಿಂಗ ಕಟ್ಟಿದವರೇ. ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕೆಂದು ಅವರಿಗೆ ಹೇಳಬೇಕಾಗಿರಲಿಲ್ಲ. "ಇಲ್ಲೇ ಹಿಡೀರಿ, ನೋಡೂಣು," ಎಂದರು.

ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟೆ. ಕಣ್ಣಲ್ಲಿ ನೀರು ಬಂತು. ಅವ್ವ ಹನ್ನೊಂದು ಸಲ ಮಂತ್ರ ಹೇಳಿ ಮುಗಿಸುವವರೆಗೂ ಕೈ ಕದಲಿಸಲಿಲ್ಲ.

"ಭೇಷ್! ನಾಳಿಂದ ಪೂಜಿ ಹತ್ತು ನಿಮಿಷ ಮಾಡ್ರಿ," ಎಂದು ಚೀಟಿಯಲ್ಲೂ ಬರೆದರು.

ನನ್ನ ಪೂಜೆ ಎರಡು ನಿಮಿಷದ್ದು. ಇಪ್ಪತ್ತು ವರ್ಷ ಬೈದರೂ ಅವ್ವನಿಗೆ ಅದನ್ನು ಮೂರಕ್ಕೆ ಏರಿಸಲು ಆಗಿರಲಿಲ್ಲ.

ಖಾನಾಪುರದ ಉಗಿಬಂಡಿ ದೇಸೂರಿನಲ್ಲಿ ನಿಂತಿದೆ. ಒಳಗೆ ಕೂತು ಇನ್‌ಲ್ಯಾಂಡ್ ಕಾಗದದಲ್ಲಿ ಇದನ್ನು ಬರೆಯುತ್ತಿದ್ದೇನೆ. ಗುಳಿಗೆಯ ಪೊಟ್ಟಣವನ್ನು ನನ್ನ ಎಡಗೈಗೆ ಕೊಟ್ಟ ಅವ್ವ, ಚೀಟಿಯನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡಿದ್ದಾಳೆ.