ಶಾಂತಾಬಾಯಿ ಕಡಿದ ಬೀಜ

ಕೂಲಿಗೆ ಬಂದಿದ್ದ ನಿಂಬರ್ಗಾದ ಶಾಂತಾಬಾಯಿ ಬಳ್ಳಿಯಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡರು. ಬೀಜ ಕಡಿದು, ಅಂಗೈಗೆ ಉಗುಳಿ ನೋಡಿ, “ಇವತ್ತ ಕೊಯ್ಯೋದು ಬ್ಯಾಡ್ರಿ ಸಾವ್ಕಾರ್ರ, ಬೀಜ ಇನ್ನಾ ಹಸರ ಅದ” ಎಂದರು.

ಸಾವ್ಕಾರ ಎಂದರೆ ನನ್ನ ಅಣ್ಣ. ಅಫಜಲಪುರದ ಹತ್ತಿರದ ಅವನ ತೋಟಕ್ಕೆ ಆ ಭಾನುವಾರ ಕೊಯ್ಲು ನೋಡಲೆಂದೇ ಹೋಗಿದ್ದೆ. ವೈನ್ ಕಾರ್ಖಾನೆಯ ಗಾಡಿ ಬಂದು ನಿಂತಿತ್ತು. ಸಿಹಿ ಅಳೆಯುವ ಮೀಟರು ಹಣ್ಣು ತಯಾರು ಎನ್ನುತ್ತಿತ್ತು.

ತಳಿಯ ಹೆಸರು ಸೊವಿನ್ಯೋ ಬ್ಲಾಂ. ಫ್ರಾನ್ಸಿನಿಂದ ಬಂದ, ಬಿಳಿ ವೈನಿಗೆ ಹೆಸರಾದ ದ್ರಾಕ್ಷಿ. ಮಾಗಿದರೂ ಹಸಿರಾಗಿಯೇ ಇರುವುದರಿಂದ ಬಣ್ಣ ನಂಬುವಂತಿಲ್ಲ. ಹದಕ್ಕೆ ಬಂದಾಗ ಕೊಯ್ದರೆ ವೈನಿಗೆ ಪೇರಲದ ಘಮ, ಅವಸರ ಮಾಡಿದರೆ ಬರೀ ಹಸಿ ಹುಲ್ಲಿನ ವಾಸನೆ ಎಂದು ಅಣ್ಣನೇ ಹೇಳಿದ್ದ.

ಅವನೂ ಒಂದು ಬೀಜ ಕಡಿದ, ಒಗರಿಗೆ ಮುಖ ಕಿವುಚಿದ. ಮೀಟರನ್ನು ಕಿಸೆಗೆ ಹಾಕಿಕೊಂಡು ಗಾಡಿಯನ್ನು ಖಾಲಿಯೇ ಕಳಿಸಿದ.

ಮುಂದಿನ ಭಾನುವಾರ ಶಾಂತಾಬಾಯಿಯ ಹಲ್ಲಿನಲ್ಲಿ ಬೀಜ ಹುರಿದ ಪುಟಾಣಿ ಕಡಲೆಯಂತೆ ಕಟ್ ಎಂದಿತು. ಬೀಜದ ಬಣ್ಣ ಹಸಿರಿನಿಂದ ಕಂದಿಗೆ ತಿರುಗಿತ್ತು. ಮೀಟರಿಗೆ ತಿಳಿಯದ್ದು ಆ ಹಲ್ಲಿಗೆ ತಿಳಿದಿತ್ತು. “ಇದರ ವೈನ್ ಹ್ಯಾಂಗಿರ್ತದ, ಗೊತ್ತೇನ್ರಿ?” ಎಂದು ಕೇಳಿದೆ.

“ನಾ ಎಂದೂ ಕುಡದಿಲ್ರಿ ಅಕ್ಕೋರೆ. ಕುಡಿಯೋರು ಮುಖ ಕಿವುಚಬಾರದು ನೋಡ್ರಿ.”

ಜೇವರ್ಗಿಯಲ್ಲಿ ನಾನು ಶಾಲಾ ಶಿಕ್ಷಕಿ. ‘ಈ ಮಗು ಕಲಿಯುವುದಿಲ್ಲ’ ಎಂದು ಬರೆಯಲು ಹೊರಟ ಪೆನ್ನು ಈಗ ತಾನಾಗಿ ನಿಲ್ಲುತ್ತದೆ. ಬೀಜ ಇನ್ನಾ ಹಸರ ಅದ ಅಂದುಕೊಂಡು, ಇನ್ನೆಂಟು ದಿನ ಕಾಯುತ್ತೇನೆ.